ಮೌನಕ್ಕೊಂದು ಗಡುವು

‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆಯೆಂದರೆ, ಸಂಸ್ಕೃತದ ಗಂಧವಿಲ್ಲದವರೂ ಅದನ್ನು ಸಲೀಸಾಗಿ ಆಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆತಗ್ಗಿಸಿ ಸುಮ್ಮನಿದ್ದರೆ ಒಪ್ಪಿದಳೆಂದೇ ಹಿರಿಯರು ಅರ್ಥಮಾಡುತ್ತಿದ್ದರು. ಸಂಘದ ವಾರ್ಷಿಕ ಸಭೆಯಲ್ಲಿ ನಿರ್ಣಯವನ್ನು ಓದಿದಾಗ ಯಾರೂ ತುಟಿ ಬಿಚ್ಚದಿದ್ದರೆ ಸರ್ವಾನುಮತದಿಂದ ಅಂಗೀಕಾರವಾಯಿತೆಂದು ಕಾರ್ಯದರ್ಶಿ ಇಂದಿಗೂ ಬರೆದುಕೊಳ್ಳುತ್ತಾನೆ. ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳ ನ್ಯಾಯಪದ್ಧತಿ ಇದಕ್ಕೆ ನೇರ ವಿರುದ್ಧವಾದ ಸೂತ್ರವನ್ನು ಹಿಡಿದಿದೆ. ಅಲ್ಲಿ ಒಂದು ಬಗೆಯ ಅರ್ಜಿಗಳ ವಿಷಯದಲ್ಲಿ ನ್ಯಾಯಾಧೀಶನ ಮೌನವೇ ನಿರಾಕರಣೆ. ಅದೂ ಇಂತಿಷ್ಟನೆಯ ದಿನಕ್ಕೆ ಎಂದು ಬೆರಳೆಣಿಸಿ ಗೊತ್ತುಮಾಡಿದ ನಿರಾಕರಣೆ.

ವಕೀಲನಲ್ಲದ ಕನ್ನಡ ಅಧ್ಯಾಪಕನಿಗೆ ಈ ವಿಷಯದಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. 2025ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮೇ ತಿಂಗಳಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ, ವಾದ ಕೇಳಿ ಮುಗಿಸಿದ ಮೇಲೂ ತೀರ್ಪು ಹೇಳದೆ ಇಟ್ಟುಕೊಂಡ ಹೈಕೋರ್ಟುಗಳ ವಿಷಯವನ್ನು ಕೈಗೆತ್ತಿಕೊಳ್ಳಬೇಕಾಗಿ ಬಂತು. ‘ತೀರ್ಪು ಕಾಯ್ದಿರಿಸಲಾಗಿದೆ’ ಎಂಬ ಸಾಲನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ‘ಕಾಯ್’ ಎಂಬ ಧಾತುವಿಗೆ ಕನ್ನಡದಲ್ಲಿ ರಕ್ಷಿಸು ಎಂದೂ ಅರ್ಥವುಂಟು, ನಿರೀಕ್ಷಿಸು ಎಂದೂ ಅರ್ಥವುಂಟು. ಕೋರ್ಟು ತೀರ್ಪನ್ನು ಕಾಯುವುದು ಮೊದಲನೆಯ ಅರ್ಥದಲ್ಲಿ, ಕಕ್ಷಿದಾರ ಕಾಯುವುದು ಎರಡನೆಯ ಅರ್ಥದಲ್ಲಿ. ಈ ಎರಡು ಕಾಯುವಿಕೆಗಳ ನಡುವೆ ಕಾನೂನು ಎಲ್ಲಿ ಗೆರೆ ಎಳೆಯುತ್ತದೆ, ಗೆರೆ ದಾಟಿದರೆ ಯಾರಿಗೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಅಮೆರಿಕದವರು ಇದಕ್ಕೆ ಬಗೆಬಗೆಯ ಉತ್ತರಗಳನ್ನು ಪ್ರಯೋಗಿಸಿ ನೋಡಿದ್ದಾರೆ. ಆದುದರಿಂದ ಮೊದಲು ಆ ಕಡೆ ನೋಡಿ, ಬಳಿಕ ಮನೆಗೆ ಬರುವುದು ಲೇಸು.

ಅಲ್ಲಿ ಜ್ಯೂರಿ ತನ್ನ ನಿರ್ಣಯ ಹೇಳಿ, ಅದರಂತೆ ನ್ಯಾಯಾಧೀಶ ತೀರ್ಪಿಗೆ ಸಹಿ ಹಾಕಿದ ಮೇಲೆ ಸೋತವನಿಗೆ ಮೇಲಿನ ಕೋರ್ಟಿಗೆ ಹೋಗುವ ಮುನ್ನ ಇನ್ನೊಂದು ಬಾಗಿಲುಂಟು. ಅದೇ ನ್ಯಾಯಾಧೀಶನ ಮುಂದೆಯೇ ಅವನು ಮತ್ತೊಂದು ಅರ್ಜಿ ಹಾಕಬಹುದು. ಈ ನಿರ್ಣಯಕ್ಕೆ ಸಾಕ್ಷ್ಯ ಸಾಲದು, ಜ್ಯೂರಿಯ ಸದಸ್ಯನೊಬ್ಬ ಸಲ್ಲದ ರೀತಿಯಲ್ಲಿ ನಡೆದುಕೊಂಡ, ಪರಿಹಾರದ ಮೊತ್ತ ಮಿತಿಮೀರಿದೆ, ಆಗ ಸಿಗದಿದ್ದ ಸಾಕ್ಷ್ಯ ಈಗ ಸಿಕ್ಕಿದೆ, ಆದುದರಿಂದ ಹೊಸದಾಗಿ ವಿಚಾರಣೆ ನಡೆಸಬೇಕು ಎಂಬುದು ಇಂಥ ಅರ್ಜಿಗಳ ಒಕ್ಕಣೆ. ಇವನ್ನು ವಿಚಾರಣೋತ್ತರ ಅರ್ಜಿಗಳೆಂದು ಕರೆಯೋಣ. ಏರ್ಪಾಡು ವಿವೇಕದ್ದೇ. ಮೊಕದ್ದಮೆಯನ್ನು ಕಣ್ಣಾರೆ ಕಂಡ ನ್ಯಾಯಾಧೀಶನೇ ತಪ್ಪನ್ನು ತಿದ್ದಿಕೊಂಡರೆ ಮೇಲಿನ ಕೋರ್ಟಿನ ಹೊರೆ ತಗ್ಗುತ್ತದೆ, ಕಕ್ಷಿಗಳ ಖರ್ಚು ಉಳಿಯುತ್ತದೆ. ಆದರೆ ಅರ್ಜಿ ಇತ್ಯರ್ಥವಾಗದೆ ಬಿದ್ದಿರುವಷ್ಟು ಕಾಲ ಮೊಕದ್ದಮೆ ತ್ರಿಶಂಕುವಾಗುತ್ತದೆ. ಗೆದ್ದವನಿಗೆ ಗೆಲುವು ಕೈಗೆ ಬಂದಿರುವುದಿಲ್ಲ. ಸೋತವನಿಗೆ ಸೋಲು ಖಚಿತವಾಗಿರುವುದಿಲ್ಲ. ನ್ಯಾಯಾಧೀಶ ಮರೆತರೆ, ಅಥವಾ ಮನಸ್ಸು ಗಟ್ಟಿಮಾಡಲಾರದೆ ಕಡತವನ್ನು ಮೇಜಿನ ಮೂಲೆಗೆ ಸರಿಸಿದರೆ, ಆ ಸ್ಥಿತಿಗೆ ಕೊನೆಯೆಲ್ಲಿ?

ಟೆಕ್ಸಾಸ್ ರಾಜ್ಯದ ಸಿವಿಲ್ ನಿಯಮಾವಳಿ ಕೊಟ್ಟ ಉತ್ತರ ಬಹಳ ಸ್ಪಷ್ಟವಾದುದು. ತೀರ್ಪಿಗೆ ಸಹಿ ಬಿದ್ದ 30 ದಿನಗಳೊಳಗೆ ಮರುವಿಚಾರಣೆಯ ಅರ್ಜಿ ಹಾಕಬೇಕು. ಸಹಿಯಾದ ದಿನದಿಂದ 75 ದಿನಗಳೊಳಗೆ ನ್ಯಾಯಾಧೀಶ ಲಿಖಿತ ಆಜ್ಞೆಗೆ ಸಹಿ ಹಾಕಿ ಅದನ್ನು ತೀರ್ಮಾನಿಸಬೇಕು. ಬಾಯಿಮಾತಿನಲ್ಲಿ ‘ಮನ್ನಿಸಿದೆ’ ಎಂದರೆ ಸಾಲದು. 75 ದಿನ ಕಳೆದರೆ ಅರ್ಜಿ ಕಾನೂನಿನ ಬಲದಿಂದ ತಾನೇ ವಜಾ ಆಗುತ್ತದೆ. ಆ ಮೇಲೆಯೂ 30 ದಿನ ನ್ಯಾಯಾಧೀಶನ ಅಧಿಕಾರ ಉಳಿದಿರುತ್ತದೆ. ಅಷ್ಟರಲ್ಲಿ ಮನಸ್ಸು ಬದಲಾದರೆ ಅವನು ಮರುವಿಚಾರಣೆಯನ್ನು ಕೊಡಬಹುದು. ಅದೂ ಮುಗಿದರೆ ಮುಗಿಯಿತು. ಇತ್ತ ಸೋತವನು ತೀರ್ಪಿನ ದಿನದಿಂದ 90 ದಿನಗಳೊಳಗೆ ಮೇಲ್ಮನವಿಯ ಸೂಚನೆ ಕೊಡಬೇಕು. ಅರ್ಜಿ ಹಾಕದಿದ್ದವನಿಗೆ ಈ ಅವಧಿ 30 ದಿನ ಮಾತ್ರ. ಎಲ್ಲ ಲೆಕ್ಕವೂ ಒಂದೇ ತಾರೀಖಿನಿಂದ ಹೊರಡುವುದರಿಂದ ಹಳ್ಳಿಯ ರೈತನೂ ಗೋಡೆಯ ಪಂಚಾಂಗವನ್ನು ನೋಡಿಕೊಂಡು ತನ್ನ ಮೊಕದ್ದಮೆ ಎಲ್ಲಿದೆಯೆಂದು ಹೇಳಬಲ್ಲನು.

ಈ ನಿಯಮವನ್ನು ಓದಿದಾಗ ನನಗೆ ನೆನಪಾದುದು ಹಳಗನ್ನಡದ ನಿಷೇಧರೂಪ. ‘ನೋಡುವೆಂ’ ಎಂಬ ಕ್ರಿಯಾಪದದಲ್ಲಿ ಧಾತುವಿದೆ, ಕಾಲವನ್ನು ಸೂಚಿಸುವ ಅಕ್ಷರವಿದೆ, ಪುರುಷಪ್ರತ್ಯಯವಿದೆ. ‘ನೋಡೆಂ’ ಎಂಬಲ್ಲಿ ಧಾತು ಉಂಟು, ಪುರುಷಪ್ರತ್ಯಯ ಉಂಟು. ಕಾಲಸೂಚಕ ಮಾತ್ರ ಇಲ್ಲ. ‘ಇಲ್ಲ’ ಎಂಬ ಪದವನ್ನು ಎಲ್ಲಿಯೂ ಸೇರಿಸದೆ, ಕಾಲಸೂಚಕದ ಗೈರುಹಾಜರಿಯಿಂದಲೇ ನಮ್ಮ ಭಾಷೆ ‘ನೋಡುವುದಿಲ್ಲ’ ಎಂಬ ಅರ್ಥವನ್ನು ಹುಟ್ಟಿಸುತ್ತಿತ್ತು. ವಿದ್ಯಾರ್ಥಿಗಳು ಇದನ್ನು ಮೊದಲು ನಂಬುವುದಿಲ್ಲ. ಪ್ರತ್ಯಯವೊಂದು ಬಿದ್ದುಹೋಗಿರಬೇಕೆಂದು ವಾದಿಸುತ್ತಾರೆ. ಇಲ್ಲದಿರುವುದಕ್ಕೂ ವ್ಯಾಕರಣ ಅರ್ಥವನ್ನು ಗೊತ್ತುಮಾಡಬಲ್ಲದು, ಹಾಗೆ ಗೊತ್ತುಮಾಡಿದ ಮೇಲೆ ಅದರಲ್ಲಿ ಗೊಂದಲಕ್ಕೆ ಎಡೆಯಿಲ್ಲ ಎಂಬುದನ್ನು ಅವರಿಗೆ ಮನವರಿಕೆ ಮಾಡಲು ಒಂದು ಪಾಠದ ಅವಧಿ ಬೇಕು. ಟೆಕ್ಸಾಸಿನವರು ಮೌನಕ್ಕೆ ಮಾಡಿದುದೂ ಇದನ್ನೇ.

ಕ್ಯಾಲಿಫೋರ್ನಿಯ ಇನ್ನೂ ಕಠಿನ. ಮರುವಿಚಾರಣೆಯ ಅರ್ಜಿಯನ್ನು ತೀರ್ಮಾನಿಸುವ ನ್ಯಾಯಾಧೀಶನ ಅಧಿಕಾರವೇ ಅಲ್ಲಿ 75 ದಿನಗಳಿಗೆ ಮುಗಿದುಹೋಗುತ್ತದೆ. 2019ಕ್ಕೆ ಮೊದಲು ಅದು 60 ದಿನ. ಸಾಮಾನ್ಯವಾಗಿ ತೀರ್ಪು ದಾಖಲಾದ ಸೂಚನೆ ಕಕ್ಷಿಗೆ ಮುಟ್ಟಿಸಿದ ದಿನದಿಂದ ಈ ಲೆಕ್ಕ. ಗಡುವು ಮೀರಿದ ಮರುದಿನ ನ್ಯಾಯಾಧೀಶ ಎಷ್ಟೇ ಸಕಾರಣವಾದ ಆಜ್ಞೆ ಬರೆದರೂ ಅದು ಶೂನ್ಯ. ಪೆನ್ಸಿಲ್ವೇನಿಯದಲ್ಲಿ ಶಿಕ್ಷೆಗೊಳಗಾದವನ ಅರ್ಜಿಗೆ 120 ದಿನಗಳ ಮಿತಿಯಿದೆ. ಅವನೇ ತಕ್ಕ ಕಾರಣ ತೋರಿಸಿ ಕೇಳಿದರೆ ಇನ್ನು 30 ದಿನ ಸೇರುತ್ತದೆ. ಅದು ಕಳೆದೊಡನೆ ಕೋರ್ಟಿನ ಗುಮಾಸ್ತ ತಾನೇ ‘ಕಾನೂನಿನ ಬಲದಿಂದ ನಿರಾಕೃತ’ ಎಂಬ ಆಜ್ಞೆಯನ್ನು ದಾಖಲಿಸಿ ಪ್ರತಿಯನ್ನು ಪಕ್ಷಗಳಿಗೆ ಕಳಿಸಬೇಕು. ಅಂದಿನಿಂದ 30 ದಿನ ಮೇಲ್ಮನವಿಗೆ ಅವಕಾಶ. ಈ ಗುಮಾಸ್ತನ ಏರ್ಪಾಡು ನನಗೆ ಬಹಳ ಹಿಡಿಸಿತು. ಮೌನದ ಅರ್ಥವನ್ನು ಊಹಿಸುವ ಕೆಲಸ ಕಕ್ಷಿದಾರನ ಪಾಲಿಗೆ ಬರದೆ, ಮೌನವೇ ಒಂದು ಕಾಗದವಾಗಿ ಅವನ ಮನೆಗೆ ಹೋಗುತ್ತದೆ. ಅಲಬಾಮದಲ್ಲಿ 90 ದಿನ, ಅರ್ಕನ್ಸಾದಲ್ಲಿ 30 ದಿನ. ವಿವರಗಳು ಬೇರೆಯಾದರೂ ಸೂತ್ರ ಒಂದೇ.

ಇದರಲ್ಲಿ ಅನ್ಯಾಯವಿಲ್ಲವೆ? ಇದೆ. ಅರ್ಜಿ ಹಾಕಿದವನು ತಪ್ಪು ಮಾಡಲಿಲ್ಲ. ತಪ್ಪಿದ್ದು ನ್ಯಾಯಾಧೀಶ, ದಂಡ ತೆತ್ತವನು ಅರ್ಜಿದಾರ. ಹೊಸ ಸಾಕ್ಷ್ಯ ನಿಜವಾಗಿಯೂ ಸಿಕ್ಕಿದ್ದಿರಬಹುದು, ಜ್ಯೂರಿಯ ಒಳಗೆ ಅಕ್ರಮ ನಿಜವಾಗಿಯೂ ನಡೆದಿರಬಹುದು. ಅದನ್ನು ಕುರಿತು ಒಂದು ಸಾಲಿನ ಕಾರಣವನ್ನೂ ಕೇಳದೆ ಅವನು ಸೋಲುತ್ತಾನೆ. ಕಾರಣವಿಲ್ಲದ ‘ಇಲ್ಲ’ ಎಂಬುದು ನ್ಯಾಯಾಲಯದ ಗೌರವಕ್ಕೆ ಒಪ್ಪುವ ಮಾತಲ್ಲ. ಹೀಗಿದ್ದೂ ಆ ದೇಶದ ವಕೀಲರು ಇದನ್ನು ಸಹಿಸಿಕೊಂಡು ಬಂದಿದ್ದಾರೆಂದರೆ ಅದಕ್ಕೆ ಒಂದೇ ಸಮರ್ಥನೆ ನನಗೆ ಕಾಣುತ್ತದೆ: ಈ ‘ಇಲ್ಲ’ದ ಹಿಂದೆ ಮತ್ತೊಂದು ಬಾಗಿಲು ತೆರೆಯುತ್ತದೆ. ಕೆಳಗಿನ ಕೋರ್ಟಿನಿಂದ ಬಿಡುಗಡೆ ಹೊಂದಿದ ಮೊಕದ್ದಮೆ ಮೇಲಿನ ಕೋರ್ಟಿಗೆ ಹೋಗಬಹುದು. ಬಾಗಿಲಿಲ್ಲದ ಕಡೆ ಇದೇ ಸೂತ್ರವನ್ನು ತಂದರೆ ಅದು ಕ್ರೌರ್ಯವಾಗುತ್ತದೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಇದರ ಪ್ರಯೋಜನವುಂಟು.

ಗಡುವಿನ ಭಾರವನ್ನು ನ್ಯಾಯಾಧೀಶನ ಮೇಲೆಯೇ ಹೊರಿಸಿದ ಪ್ರಯೋಗಗಳೂ ಅಲ್ಲಿವೆ. ಕ್ಯಾಲಿಫೋರ್ನಿಯದ ಸಂವಿಧಾನವೇ, ತೀರ್ಮಾನಕ್ಕೆ ಒಪ್ಪಿಸಿದ ಯಾವುದೇ ಪ್ರಕರಣ ನ್ಯಾಯಾಧೀಶನ ಬಳಿ 90 ದಿನಗಳಾದರೂ ಇತ್ಯರ್ಥವಾಗದೆ ಉಳಿದಿದ್ದರೆ ಆತ ಸಂಬಳ ಪಡೆಯುವಂತಿಲ್ಲ ಎನ್ನುತ್ತದೆ. ಸಂಬಳಕ್ಕೆ ಮುಂಚೆ ಅಂಥ ಬಾಕಿಯಿಲ್ಲವೆಂದು ಆತ ಪ್ರಮಾಣಪತ್ರ ಬರೆದುಕೊಡಬೇಕು. ಒಪ್ಪಿಸಿದ ಪ್ರಕರಣವನ್ನು ಮತ್ತೆ ತೆರೆದು, ಮತ್ತೆ ಒಪ್ಪಿಸಿಕೊಂಡು ದಿನಗಳ ಲೆಕ್ಕವನ್ನು ಮೊದಲಿನಿಂದ ಆರಂಭಿಸುವ ಒಳದಾರಿ ಇದಕ್ಕೂ ಇಲ್ಲದಿಲ್ಲ. ಆದರೂ ಸಂವಿಧಾನವೊಂದು ಇಷ್ಟು ಲೌಕಿಕವಾದ ಮಾತನ್ನು ನಾಚದೆ ಹೇಳಿರುವುದು ಮೆಚ್ಚತಕ್ಕ ಸಂಗತಿ.

ಕೇಂದ್ರ ಸರಕಾರದ ಕೋರ್ಟುಗಳ ದಾರಿ ಬೇರೆ. ಅಲ್ಲಿ ಮರುವಿಚಾರಣೆ ಕೇಳುವವನಿಗೆ 28 ದಿನಗಳ ಗಡುವು. 2009ಕ್ಕೆ ಮೊದಲು ಬರಿಯ 10 ದಿನ. ತೀರ್ಮಾನಿಸುವವನಿಗೆ ಯಾವ ಗಡುವೂ ಇಲ್ಲ. ಅದಕ್ಕೆ ಬದಲಾಗಿ 1990ರ ಸಿವಿಲ್ ನ್ಯಾಯ ಸುಧಾರಣಾ ಕಾಯಿದೆ ಒಂದು ಪಟ್ಟಿಯನ್ನು ತಂದಿತು. ಆರು ತಿಂಗಳಿಗೂ ಮೀರಿ ಬಾಕಿಯಿರುವ ಅರ್ಜಿಗಳನ್ನು ನ್ಯಾಯಾಧೀಶರ ಹೆಸರಿನೊಡನೆ ವರ್ಷಕ್ಕೆರಡು ಸಲ ಪ್ರಕಟಿಸಬೇಕು. ಲೆಕ್ಕದ ದಿನಗಳು ಮಾರ್ಚ್ 31 ಮತ್ತು ಸೆಪ್ಟೆಂಬರ್ 30. ದಂಡವಿಲ್ಲ, ವಜಾ ಇಲ್ಲ, ಹೆಸರು ಅಚ್ಚಾಗುವುದಷ್ಟೆ. ಪರಿಣಾಮವನ್ನು ಅಧ್ಯಯನ ಮಾಡಿದವರು ಆ ಎರಡು ತಾರೀಖುಗಳ ಹಿಂದುಮುಂದಿನ ದಿನಗಳಲ್ಲಿ ಆಜ್ಞೆಗಳು ರಾಶಿರಾಶಿಯಾಗಿ ಹೊರಬೀಳುವುದನ್ನು ಕಂಡಿದ್ದಾರೆ. ಉತ್ತರಪತ್ರಿಕೆಗಳ ಮೌಲ್ಯಮಾಪನ ಕೇಂದ್ರದಲ್ಲಿ ಕೊನೆಯ ದಿನದ ಮಧ್ಯಾಹ್ನವನ್ನು ಕಂಡ ಅಧ್ಯಾಪಕರಿಗೆ ಈ ದೃಶ್ಯ ಹೊಸದೇನೂ ಅಲ್ಲ. ಗಡುವು ಕೆಲಸವನ್ನು ನಡೆಸುತ್ತದೆ. ಕೆಲಸದ ಗುಣಕ್ಕೆ ಅದು ಜಾಮೀನಲ್ಲ.

ಅದೇ ವ್ಯವಸ್ಥೆ ಕಕ್ಷಿದಾರನ ಗಡುವನ್ನು ಹೇಗೆ ಕಾಣುತ್ತದೆಂಬುದಕ್ಕೆ 2007ರ ‘ಬೌಲ್ಸ್ ವಿರುದ್ಧ ರಸೆಲ್’ ಪ್ರಕರಣವನ್ನು ನೋಡಬೇಕು. ಶಿಕ್ಷೆಗೊಳಗಾಗಿದ್ದ ಒಬ್ಬ ಕೈದಿ, ಮೇಲ್ಮನವಿಯ ಅವಧಿಯನ್ನು ಮತ್ತೆ ತೆರೆಯಬೇಕೆಂದು ಕೇಳಿಕೊಂಡ. ನ್ಯಾಯಾಧೀಶ ಒಪ್ಪಿ, ಹೊಸ ಅವಧಿಯ ಕೊನೆಯ ದಿನ ಫೆಬ್ರವರಿ 27 ಎಂದು ಆಜ್ಞೆಯಲ್ಲಿ ಬರೆದ. ಕಾನೂನು ಕೊಡುವುದು 14 ದಿನ; ನ್ಯಾಯಾಧೀಶ ಬರೆದ ತಾರೀಖು 17 ದಿನಗಳಾಚೆಗೆ ಬೀಳುತ್ತಿತ್ತು. ಕೈದಿಯ ಪರವಾಗಿ ಮೇಲ್ಮನವಿ ಸಲ್ಲಿಕೆಯಾದುದು 26ರಂದು; ನ್ಯಾಯಾಧೀಶ ಹೇಳಿದ್ದಕ್ಕಿಂತ ಒಂದು ದಿನ ಮೊದಲು, ಕಾನೂನು ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ. ಅಮೆರಿಕದ ಸುಪ್ರೀಂ ಕೋರ್ಟು ಐವರು ನಾಲ್ವರ ಅಂತರದಿಂದ, ಆ ಮೇಲ್ಮನವಿಯನ್ನು ಕೇಳುವ ಅಧಿಕಾರವೇ ಕೋರ್ಟಿಗಿಲ್ಲವೆಂದು ತೀರ್ಮಾನಿಸಿತು. ನ್ಯಾಯಾಧೀಶನ ಮಾತನ್ನು ನಂಬಿ ನಡೆದವನನ್ನು ಹೀಗೆ ಶಿಕ್ಷಿಸುವುದು ಸಲ್ಲದೆಂದು ಭಿನ್ನಮತದ ನಾಲ್ವರು ಬರೆದರು. ಬರೆದ ಮಾತು ನ್ಯಾಯಾಧೀಶನದು, ತಪ್ಪಿದ ಲೆಕ್ಕವೂ ಅವನದು, ಮುಚ್ಚಿದ ಬಾಗಿಲು ಕೈದಿಯದು.

ನಾನು ಇದರಿಂದ ಕಲಿತುದಿಷ್ಟು: ಒಂದು ಗಡುವಿನ ಸ್ವರೂಪ ತಿಳಿಯಬೇಕಾದರೆ ಅದು ಎಷ್ಟು ದಿನದ್ದು ಎಂದು ಕೇಳಿದರೆ ಸಾಲದು, ಅದು ತಪ್ಪಿದಾಗ ಕಷ್ಟ ಯಾರ ಮನೆಯ ಬಾಗಿಲಿಗೆ ಬರುತ್ತದೆ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹಿಡಿದುಕೊಂಡು ಈಗ ನಮ್ಮ ದೇಶಕ್ಕೆ ಬರೋಣ.

ನಮ್ಮಲ್ಲಿ ಜ್ಯೂರಿ ಪದ್ಧತಿ ಬಹುಮಟ್ಟಿಗೆ ಹಿಂದೆಯೇ ಮರೆಯಾಯಿತು. ಕೆಳಗಿನ ಕೋರ್ಟಿನಲ್ಲಿ ಸೋತವನು ಅದೇ ನ್ಯಾಯಾಧೀಶನ ಮುಂದೆ ಪುನರವಲೋಕನದ ಅರ್ಜಿ ಹಾಕಬಹುದಾದರೂ ಅದರ ಆವರಣ ಬಹಳ ಇಕ್ಕಟ್ಟಾದುದು. ಸಾಮಾನ್ಯವಾಗಿ ಎಲ್ಲರೂ ಹಿಡಿಯುವುದು ಅಪೀಲಿನ ದಾರಿ. ಆದುದರಿಂದ ನಮ್ಮವರ ತ್ರಿಶಂಕುಸ್ಥಿತಿ ಬೇರೆ ಎರಡು ಎಡೆಗಳಲ್ಲಿ ಸಂಭವಿಸುತ್ತದೆ: ವಿಚಾರಣೆಯ ಕೋರ್ಟಿನಲ್ಲಿ ವಾದ ಮುಗಿದು ತೀರ್ಪು ಬಾರದಿರುವಾಗ ಮತ್ತು ಹೈಕೋರ್ಟಿನಲ್ಲಿ ಅಪೀಲಿನ ವಾದ ಮುಗಿದು ತೀರ್ಪು ಕಾಯ್ದಿರಿಸಿದಾಗ.

ಮೊದಲನೆಯದಕ್ಕೆ ಕಾಯಿದೆಯಲ್ಲಿ ದಿನಗಳ ಲೆಕ್ಕವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆ, ವಾದ ಮುಗಿದ 30 ದಿನಗಳೊಳಗೆ ತೀರ್ಪು ಹೇಳಲು ಎಲ್ಲ ಪ್ರಯತ್ನವನ್ನೂ ಮಾಡತಕ್ಕದ್ದು ಎನ್ನುತ್ತದೆ. ಅಸಾಧಾರಣ ಸಂದರ್ಭಗಳಲ್ಲಿ ಸಾಮಾನ್ಯವಾಗಿ 60 ದಿನ ಮೀರಬಾರದು. ಕ್ರಿಮಿನಲ್ ಮೊಕದ್ದಮೆಗಳಲ್ಲಿ 1973ರ ಸಂಹಿತೆ ವಿಚಾರಣೆ ಮುಗಿದೊಡನೆ ಅಥವಾ ತರುವಾಯದ ಯಾವುದಾದರೊಂದು ಸಮಯದಲ್ಲಿ ತೀರ್ಪು ಹೇಳಬೇಕೆಂದು ಮಾತ್ರ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಆ ಅನಿರ್ದಿಷ್ಟತೆಯನ್ನು ತೆಗೆದುಹಾಕಿ, ಸೆಷನ್ಸ್ ಮೊಕದ್ದಮೆಗಳಲ್ಲಿ 30 ದಿನ, ಕಾರಣ ಬರೆದಿಟ್ಟರೆ 45 ದಿನ ಎಂದು ಗೊತ್ತುಮಾಡಿದೆ. ಒಳ್ಳೆಯದೇ ಆಯಿತು. ಆದರೆ 46ನೆಯ ದಿನ ಏನಾಗುತ್ತದೆ? ಈ ಪ್ರಶ್ನೆಗೆ ಸಂಹಿತೆಯಲ್ಲಿ ಉತ್ತರವಿಲ್ಲ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಈ ವಿಧಿಗಳು ವಿಧ್ಯರ್ಥದ ವೇಷ ತೊಟ್ಟ ಸಂಭಾವನಾರ್ಥಗಳು. ‘ಮಾಡತಕ್ಕದ್ದು’ ಎಂದು ಬರೆದಿರುತ್ತದೆ. ‘ಮಾಡಿಯಾರು’ ಎಂದು ಓದಿಕೊಳ್ಳಬೇಕು.

ಕಕ್ಷಿದಾರನ ಗಡುವುಗಳಿಗೆ ಈ ಮೃದುತ್ವವಿಲ್ಲ. ಜಿಲ್ಲಾ ಕೋರ್ಟಿನ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಹೋಗುವವನು 1963ರ ಲಿಮಿಟೇಷನ್ ಕಾಯಿದೆಯ ಪ್ರಕಾರ 90 ದಿನಗಳೊಳಗೆ ಹೋಗಬೇಕು. 91ನೆಯ ದಿನ ಹೋದರೆ ವಿಳಂಬವನ್ನು ಮನ್ನಿಸಬೇಕೆಂದು ಬೇರೆ ಅರ್ಜಿ, ಪ್ರಮಾಣಪತ್ರ, ವೈದ್ಯರ ಚೀಟಿ. ಅಪೀಲನ್ನು ತಡವಾಗಿ ತಂದ ವಿಧವೆಯೊಬ್ಬಳು ತನ್ನ ತಡಕ್ಕೆ ಕಾರಣ ಹೇಳಬೇಕು. ಅದೇ ಅಪೀಲಿನ ವಾದವನ್ನು ಕೇಳಿ ಮೂರು ವರ್ಷ ಸುಮ್ಮನಿದ್ದ ಪೀಠವನ್ನು ಕಾರಣ ಕೇಳುವವರಿಲ್ಲ.

ಮೌನಕ್ಕೆ ಅರ್ಥ ಕಟ್ಟುವುದು ನಮ್ಮ ಶಾಸನಕಾರರಿಗೆ ತಿಳಿಯದ ವಿದ್ಯೆಯೇನೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ತೆಗೆದು ನೋಡಿ. ಅಧಿಕಾರಿ 30 ದಿನಗಳೊಳಗೆ ತೀರ್ಮಾನ ತಿಳಿಸದಿದ್ದರೆ ಮಾಹಿತಿಯನ್ನು ನಿರಾಕರಿಸಿದಂತೆಯೇ ಭಾವಿಸತಕ್ಕದ್ದು. ಅರ್ಜಿದಾರ ಮೇಲ್ಮನವಿಗೆ ಹೋಗಬಹುದು. ಸಕಾರಣವಿಲ್ಲದ ವಿಳಂಬಕ್ಕೆ ಅಧಿಕಾರಿ ದಿನವೊಂದಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ತೆರಬೇಕಾದೀತು. ಟೆಕ್ಸಾಸಿನ ಸೂತ್ರವೂ ಇದೆ, ಕ್ಯಾಲಿಫೋರ್ನಿಯದ ಸಂಬಳದ ಸೂತ್ರವೂ ಇದೆ. ನಮ್ಮ ಕರ್ನಾಟಕದ 2011ರ ನಾಗರಿಕ ಸೇವಾ ಖಾತರಿ ಕಾಯಿದೆ, ಜನ ‘ಸಕಾಲ’ವೆಂದು ಕರೆಯುವುದು, ಇದೇ ಜಾತಿಯದು: ಗೊತ್ತಾದ ದಿನಕ್ಕೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ತಪ್ಪಿತಸ್ಥ ನೌಕರನಿಂದ ಅರ್ಜಿದಾರನಿಗೆ ಸಲ್ಲಬೇಕು. ಮೊತ್ತ ಅಲ್ಪವೆಂದು ನಗುವವರಿದ್ದಾರೆ. ತಡಮಾಡಿದವನ ಜೇಬಿನಿಂದಲೇ ಹಣ ಬರಬೇಕೆಂಬ ತತ್ತ್ವ ಮಾತ್ರ ಅಲ್ಪವಾದುದಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ವಿಧಿಸಿದ ಈ ಶಿಸ್ತು ನ್ಯಾಯಪೀಠದ ಮೆಟ್ಟಿಲವರೆಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ನ್ಯಾಯಾಂಗದ ಸ್ವಾತಂತ್ರ್ಯವನ್ನು ಕಾಪಾಡಬೇಕಾದುದರಿಂದ ಸಂಬಳಕ್ಕೆ ಕೈಹಾಕುವುದು ನಮ್ಮಲ್ಲಿ ಯುಕ್ತವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ಬೇರೆ ಏನು?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು 2001ರ ಆಗಸ್ಟಿನಲ್ಲಿಯೇ, ‘ಅನಿಲ್ ರಾಯ್ ವಿರುದ್ಧ ಬಿಹಾರ ರಾಜ್ಯ’ ಎಂಬ ಪ್ರಕರಣದಲ್ಲಿ, ಒಂದು ಉತ್ತರವನ್ನು ಕೊಟ್ಟಿತ್ತು. ಪಾಟ್ನಾ ಹೈಕೋರ್ಟು ಕ್ರಿಮಿನಲ್ ಅಪೀಲೊಂದರ ವಾದ ಕೇಳಿ ಸುಮಾರು ಎರಡು ವರ್ಷ ತೀರ್ಪು ಹೇಳಿರಲಿಲ್ಲ. ಹೈಕೋರ್ಟುಗಳಿಗೆ ಎರಡೂ ಸಂಹಿತೆಗಳಲ್ಲಿ ದಿನದ ಮಿತಿಯಿಲ್ಲವೆಂಬುದನ್ನು ಗಮನಿಸಿದ ನ್ಯಾಯಮೂರ್ತಿಗಳಾದ ಕೆ. ಟಿ. ಥಾಮಸ್ ಮತ್ತು ಆರ್. ಪಿ. ಸೇಠಿ ಅವರ ಪೀಠ ಕೆಲವು ನಿರ್ದೇಶನಗಳನ್ನು ಕೊಟ್ಟಿತು. ತೀರ್ಪು ಕಾಯ್ದಿರಿಸಿದ ದಿನ, ಹೇಳಿದ ದಿನ ಎರಡನ್ನೂ ತೀರ್ಪಿನ ಮೊದಲ ಪುಟದಲ್ಲಿ ನಮೂದಿಸಬೇಕು. ಎರಡು ತಿಂಗಳಾದರೂ ತೀರ್ಪು ಬಾರದಿದ್ದರೆ ಮುಖ್ಯ ನ್ಯಾಯಮೂರ್ತಿಗಳು ಪೀಠದ ಗಮನ ಸೆಳೆಯಬೇಕು. ಮೂರು ತಿಂಗಳು ಕಳೆದರೆ ಕಕ್ಷಿದಾರನೇ ಬೇಗ ತೀರ್ಪು ಬೇಕೆಂದು ಅರ್ಜಿ ಹಾಕಬಹುದು. ಆರು ತಿಂಗಳಾದರೆ ಮೊಕದ್ದಮೆಯನ್ನು ಆ ಪೀಠದಿಂದ ತೆಗೆದು ಬೇರೆ ಪೀಠಕ್ಕೆ ಕೊಡಬೇಕೆಂದು ಮುಖ್ಯ ನ್ಯಾಯಮೂರ್ತಿಗಳನ್ನು ಕೇಳಬಹುದು.

ಈ ನಿರ್ದೇಶನಗಳಲ್ಲಿ ವಿವೇಕವಿದೆ. ಆದರೆ ಎಲ್ಲದರ ಕೀಲಿಯನ್ನು ಕಕ್ಷಿದಾರನ ಕೈಗೆ ಕೊಟ್ಟದ್ದರಲ್ಲಿ ಲೋಕಾನುಭವ ಸ್ವಲ್ಪ ಕಡಮೆಯಾಯಿತೆಂದು ನನ್ನ ಅಭಿಪ್ರಾಯ. ತನ್ನ ಭವಿಷ್ಯವನ್ನು ಇನ್ನೇನು ಬರೆಯಲಿರುವ ನ್ಯಾಯಮೂರ್ತಿಗಳ ಎದುರು ನಿಂತು ‘ಸ್ವಾಮಿ, ತಾವು ತಡಮಾಡಿದ್ದೀರಿ’ ಎಂದು ಬರೆದುಕೊಡುವ ಧೈರ್ಯ ಯಾವ ಕಕ್ಷಿದಾರನಿಗಿದೆ? ನಾಳೆ ಅದೇ ಪೀಠದ ಮುಂದೆ ಇನ್ನೊಂದು ಮೊಕದ್ದಮೆ ನಡೆಸಬೇಕಾದ ವಕೀಲ ಅಂಥ ಅರ್ಜಿಗೆ ಸಹಿ ಹಾಕುವನೆ? ಪರೀಕ್ಷೆಯ ಫಲಿತಾಂಶ ತಡವಾಯಿತೆಂದು ವಿದ್ಯಾರ್ಥಿ ಪರೀಕ್ಷಕರ ಮನೆಗೇ ಹೋಗಿ ಕೇಳುವಂತೆ ಇದು. ಇನ್ನು ಸೆರೆಮನೆಯೊಳಗಿರುವ ಬಡವನ ಪಾಡು ಹೇಳುವಂತೆಯೇ ಇಲ್ಲ.

ಅಂಥ ಬಡವರ ಕಥೆಯೇ 2025ರ ಮೇ ತಿಂಗಳಲ್ಲಿ ಹೊರಬಿದ್ದುದು. ಜಾರ್ಖಂಡದಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ನಾಲ್ವರ ಅಪೀಲುಗಳ ವಾದವನ್ನು ಅಲ್ಲಿನ ಹೈಕೋರ್ಟು 2022ರಲ್ಲಿಯೇ ಕೇಳಿ ಮುಗಿಸಿತ್ತು. ಎರಡು ವರ್ಷಗಳಿಗೂ ಮಿಕ್ಕಿ ತೀರ್ಪು ಬರಲಿಲ್ಲ. ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ ಹೈಕೋರ್ಟು ತೀರ್ಪು ಹೇಳಿತು. ನಾಲ್ವರಲ್ಲಿ ಮೂವರು ನಿರ್ದೋಷಿಗಳೆಂದು ಬಿಡುಗಡೆಯಾದರು. ನಾಲ್ಕನೆಯವನ ವಿಷಯದಲ್ಲಿ ನ್ಯಾಯಮೂರ್ತಿಗಳಲ್ಲಿಯೇ ಅಭಿಪ್ರಾಯಭೇದ ಬಂತು. ಅವನಿಗೆ ಜಾಮೀನು ದೊರೆಯಿತು.

ಈ ಮೂವರ ವಿಷಯವನ್ನು ಸ್ವಲ್ಪ ನಿಂತು ಯೋಚಿಸಬೇಕು. ವಾದ ಮುಗಿದ ದಿನ ಕಡತದಲ್ಲಿದ್ದ ಸಾಕ್ಷ್ಯವೇ ತೀರ್ಪಿನ ದಿನವೂ ಇದ್ದದ್ದು. ನಡುವೆ ಹೊಸದೇನೂ ಸೇರುವಂತಿರಲಿಲ್ಲ. ಅವರನ್ನು ಬಿಡಿಸಬೇಕಾದ ಎಲ್ಲ ಸಾಮಗ್ರಿಯೂ 2022ರಲ್ಲಿಯೇ ಪೀಠದ ಮುಂದಿತ್ತು. ಬಾಕಿಯಿದ್ದುದು ಬರವಣಿಗೆಯೊಂದೇ. ನ್ಯಾಯಮೂರ್ತಿಗಳ ಹುದ್ದೆಗಳು ಖಾಲಿ ಬಿದ್ದಿವೆ, ಮೊಕದ್ದಮೆಗಳು ಲಕ್ಷಗಟ್ಟಲೆ ಇವೆ ಎಂಬ ಸಮಾಧಾನ ವಾದವನ್ನೇ ಕೇಳದ ಪ್ರಕರಣಗಳಿಗೆ ಒಪ್ಪುತ್ತದೆ. ಕೇಳಿ ಮುಗಿಸಿದ್ದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಕೇಳಿದ ವಾದ ನೆನಪಿನಲ್ಲಿ ಹಸಿಯಾಗಿರುವಾಗ ಬರೆಯುವುದಕ್ಕೂ, ಎರಡು ವರ್ಷದ ಮೇಲೆ ಟಿಪ್ಪಣಿಗಳನ್ನು ಕೆದಕಿ ಬರೆಯುವುದಕ್ಕೂ ಎಷ್ಟು ಅಂತರವೆಂಬುದು ಲೇಖನಿ ಹಿಡಿದ ಯಾರಿಗಾದರೂ ಗೊತ್ತು. ನಿಧಾನವಾಗಿ ಬಂದ ತೀರ್ಪು ಆಳವಾದ ತೀರ್ಪಾಗಿರುತ್ತದೆಂಬ ನಂಬಿಕೆಗೆ ಆಧಾರ ಕಡಮೆ.

ಇಲ್ಲಿ ಟೆಕ್ಸಾಸಿನ ಸೂತ್ರವನ್ನು ತಂದಿದ್ದರೆ ಏನಾಗುತ್ತಿತ್ತು? ಇಷ್ಟು ದಿನವಾದರೂ ತೀರ್ಪು ಬಾರದಿದ್ದರೆ ಅಪೀಲು ವಜಾ ಎಂದಾಗಿದ್ದರೆ, ನಿರ್ದೋಷಿಗಳಾದ ಆ ಮೂವರ ಶಿಕ್ಷೆ ಯಾವ ಕಾರಣವನ್ನೂ ಹೇಳದೆ ಕಾಯಂ ಆಗುತ್ತಿತ್ತು. ಅವರ ಮುಂದೆ ಉಳಿಯುವ ಬಾಗಿಲು ದೂರದ ದೆಹಲಿಯದು, ಅದೂ ಹಕ್ಕಿನಿಂದ ತೆರೆಯುವಂಥದಲ್ಲ. ಮೌನವನ್ನು ಸಮ್ಮತಿಯೆಂದು ತಿರುಗಿಸಿ, ಎಲ್ಲ ಅಪೀಲುಗಳೂ ಗೆದ್ದಂತೆ ಎಂದರೆ ಅದು ಇನ್ನೊಂದು ಅನರ್ಥ. ಕೊಲೆಗಡುಕನೂ ಪಂಚಾಂಗವನ್ನು ನೋಡಿಕೊಂಡು ಹೊರಬರುತ್ತಾನೆ. ಹೀಗಾಗಿ ಅಪೀಲಿನ ತೀರ್ಪಿಗೆ ಸಂಬಂಧಿಸಿದಂತೆ ಗಡುವು ಕಕ್ಷಿದಾರನ ಭವಿಷ್ಯವನ್ನು ಮುಟ್ಟಬಾರದು. ಮೊಕದ್ದಮೆಯ ಕಡತ ಯಾರ ಮೇಜಿನ ಮೇಲಿರಬೇಕೆಂಬುದನ್ನು ಮಾತ್ರ ಅದು ಬದಲಿಸಬೇಕು. ತೀರ್ಪಿಗಾಗಿ ಕಾಯುತ್ತಿರುವವನು ಸೆರೆಮನೆಯಲ್ಲಿದ್ದರೆ, ಆ ಹೆಚ್ಚಿನ ಕಾಯುವಿಕೆಗೆ ಜಾಮೀನಿನ ಬಾಗಿಲನ್ನಾದರೂ ತೆರೆಯಬೇಕು.

ಸುಪ್ರೀಂ ಕೋರ್ಟು ಮೇ ತಿಂಗಳಲ್ಲಿ, 2025ರ ಜನವರಿ 31ರ ಒಳಗೆ ಕಾಯ್ದಿರಿಸಿ ಇನ್ನೂ ಹೇಳದ ತೀರ್ಪುಗಳ ವಿವರವನ್ನು ಎಲ್ಲ ಹೈಕೋರ್ಟುಗಳಿಂದ ಕೇಳಿತು. ಆಗಸ್ಟಿನಲ್ಲಿ ಬಂದ ಇನ್ನೊಂದು ಆಜ್ಞೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದುದು. ಅಲಹಾಬಾದ್ ಹೈಕೋರ್ಟಿನಲ್ಲಿ 2008ರಿಂದ ಇದ್ದ ಕ್ರಿಮಿನಲ್ ಅಪೀಲೊಂದರ ತೀರ್ಪನ್ನು 2021ರ ಡಿಸೆಂಬರಿನಲ್ಲಿ ಕಾಯ್ದಿರಿಸಿ, ಅದು ಬಾರದೆ ಉಳಿದಿತ್ತು. ಆ ಸಂದರ್ಭದಲ್ಲಿ ಸುಪ್ರೀಂ ಕೋರ್ಟು 2001ರ ನಿರ್ದೇಶನಗಳನ್ನು ನೆನಪಿಸಿ, ಅವುಗಳಿಗೆ ಒಂದು ಹಲ್ಲನ್ನು ಜೋಡಿಸಿತು. ಮೂರು ತಿಂಗಳೊಳಗೆ ತೀರ್ಪು ಬಾರದಿದ್ದರೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ತಾವೇ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಬೇಕು. ಅವರು ಪೀಠಕ್ಕೆ ತಿಳಿಸಿದ ಎರಡು ವಾರಗಳೊಳಗೆ ತೀರ್ಪು ಬರಬೇಕು. ಬಾರದಿದ್ದರೆ ಮೊಕದ್ದಮೆ ಬೇರೆ ಪೀಠಕ್ಕೆ ಹೋಗಬೇಕು. ಕಕ್ಷಿದಾರ ಬಾಯಿ ತೆರೆಯಬೇಕಾದ ಅಗತ್ಯವನ್ನು ಇದು ತೆಗೆದುಹಾಕುತ್ತದೆ. ಪೆನ್ಸಿಲ್ವೇನಿಯದ ಗುಮಾಸ್ತನ ಕೆಲಸ ನಮ್ಮ ರಿಜಿಸ್ಟ್ರಾರರಿಗೆ ಬಂತು ಎನ್ನಬಹುದು. ಅವನು ನಿರಾಕರಣೆಯನ್ನು ದಾಖಲಿಸುತ್ತಾನೆ, ಇವರು ವಿಳಂಬವನ್ನು ದಾಖಲಿಸುತ್ತಾರೆ. ಎರಡನೆಯದೇ ಮೇಲೆಂದು ನನಗೆ ತೋರುತ್ತದೆ.

ಒಂದು ಕೊರತೆ ಉಳಿದಿದೆ. ಬೇರೆ ಪೀಠಕ್ಕೆ ಹೋದ ಮೊಕದ್ದಮೆಯ ವಾದ ಮತ್ತೆ ಮೊದಲಿನಿಂದ ನಡೆಯಬೇಕು. ವಕೀಲರಿಗೆ ಮತ್ತೆ ಫೀಸು, ಕಕ್ಷಿದಾರನಿಗೆ ಮತ್ತೆ ಪ್ರಯಾಣ, ಕೈದಿಗೆ ಮತ್ತೆ ತಿಂಗಳುಗಳು. ಹಿಂದಿನ ಪೀಠದ ತಡಕ್ಕೆ ಇವರೇ ಇನ್ನೊಂದು ಸಲ ಬೆಲೆ ತೆರುವಂತಾಗಬಾರದು. ಹಾಗೆ ವರ್ಗವಾಗಿ ಬಂದ ಪ್ರಕರಣಗಳನ್ನು ಹೊಸ ಪೀಠ ಎಲ್ಲಕ್ಕಿಂತ ಮೊದಲು ಕೇಳಬೇಕೆಂಬ ನಿಯಮವೂ ಅದರ ಜೊತೆಗಿರಬೇಕಾಗಿತ್ತು. ಅಮೆರಿಕದವರಂತೆ ಆರು ತಿಂಗಳಿಗೊಮ್ಮೆ ಪೀಠವಾರು ಪಟ್ಟಿಯನ್ನು ಅಚ್ಚುಹಾಕುವುದಕ್ಕೂ ಯಾವ ಅಡ್ಡಿಯೂ ಕಾಣುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಸಿದ್ಧವಾಗಿಯೇ ಇದೆ. 2001ರ ನಿರ್ದೇಶನ ಪಾಲನೆಯಾಗುವ ಕಡೆಗಳಲ್ಲಿ ತೀರ್ಪಿನ ಮೊದಲ ಪುಟದ ಮೇಲ್ಭಾಗದಲ್ಲಿ, ಪಕ್ಷಗಳ ಹೆಸರಿನ ಹತ್ತಿರ, ಕಾಯ್ದಿರಿಸಿದ ದಿನ ಮತ್ತು ಹೇಳಿದ ದಿನ ಎಂದು ಎರಡು ತಾರೀಖುಗಳು ಒಂದರ ಕೆಳಗೊಂದು ಇರುತ್ತವೆ. ತೀರ್ಪಿನ ಪ್ರತಿಯೊಂದು ಕೈಗೆ ಬಂದಾಗ ನಾನು ಈಚೆಗೆ ಮೊದಲು ಓದುವುದು ಅವನ್ನು.